ಮತ್ತೆ ಮತ್ತೆ ಬರುವ ತುರಿಕೆ, ಉರಿ, ಬಿಳಿ ಸೆರಗು: ಇನ್ನೊಂದು ಮಾತ್ರೆ ನುಂಗುವ ಮೊದಲು

ಒಂದು ಕಾಲದಲ್ಲಿ ನಮ್ಮ ಬೀದಿಯ ಮೆಡಿಕಲ್ ಶಾಪಿನವನಿಗೆ ನಾನು ಬಾಯಿ ಬಿಡುವ ಮೊದಲೇ ಏನು ಬೇಕು ಅಂತ ಗೊತ್ತಾಗುತ್ತಿತ್ತು. ಫಂಗಸ್ಸಿಗೆ ಕೊಡುವ ಫ್ಲುಕೊನಜೋಲ್ 150, ಒಂದೇ ಒಂದು ಮಾತ್ರೆ, ಜೊತೆಗೆ ಒಂದು ಟ್ಯೂಬ್ ಕ್ರೀಮ್. ಕಪ್ಪು ಕವರಿಗೆ ಹಾಕಿ ಕೊಡುತ್ತಿದ್ದ. ನಾನು ಅತ್ತಿತ್ತ ನೋಡಿ ಬ್ಯಾಗಿಗೆ ಸೇರಿಸುತ್ತಿದ್ದೆ. ನಾಲ್ಕು ದಿನ ಆರಾಮ. ಮುಂದಿನ ಮುಟ್ಟು ಮುಗಿಯುತ್ತಿದ್ದ ಹಾಗೆ ಮತ್ತೆ ಅದೇ ಉರಿ, ಅದೇ ತುರಿಕೆ, ಆಫೀಸಿನ ಕುರ್ಚಿಯಲ್ಲಿ ಕೂತರೆ ಕೂರಲಾಗದ ಹಿಂಸೆ. ಹೀಗೆ ಒಂದೂವರೆ ವರ್ಷ. ಅಷ್ಟರಲ್ಲಿ ಮೂವರು ಡಾಕ್ಟರ್ ಹತ್ತಿರ ಹೋಗಿದ್ದೆ. ಮೂವರೂ ಮೇಜಿನ ಆ ಕಡೆ ಕೂತೇ ಚೀಟಿ ಬರೆದರು, ಒಬ್ಬರೂ ಪರೀಕ್ಷೆ ಮಾಡಲಿಲ್ಲ. ನಾನೂ ಕೇಳಲಿಲ್ಲ ಬಿಡಿ, ನೋಡದಿದ್ದರೆ ಸಾಕಪ್ಪಾ ಅಂತಲೇ ಇದ್ದೆ.

ನಾಲ್ಕನೆಯವರು ನೋಡಿದರು. ಸಣ್ಣ ಕಾಗದದ ಪಟ್ಟಿಯೊಂದನ್ನು ಯೋನಿಯ ಒಳಗಿನ ದ್ರವಕ್ಕೆ ತಾಗಿಸಿ ಬಣ್ಣ ನೋಡಿದರು, ಹತ್ತಿಕಡ್ಡಿಯಿಂದ ಆ ದ್ರವದ ಮಾದರಿ, ಅಂದರೆ ಸ್ವಾಬ್, ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬಂದಾಗ ಅದರಲ್ಲಿ ಫಂಗಸ್ಸೇ ಇರಲಿಲ್ಲ. ಒಳಗೆ ಇದ್ದದ್ದು ಬ್ಯಾಕ್ಟೀರಿಯಾದ ಏರುಪೇರು. ಹೊರಗಿನ ಚರ್ಮ ಉರಿಯುತ್ತಿದ್ದದ್ದು ನಾನು ದಿನಾ ಹಾಕಿ ತೊಳೆಯುತ್ತಿದ್ದ ಪರಿಮಳದ ವಾಶ್‌ನಿಂದ, ಮತ್ತೆ ಆ ಟ್ಯೂಬ್ ಕ್ರೀಮಿನಿಂದ. ಗುಣವಾಗಲಿ ಅಂತ ಹಚ್ಚಿಕೊಂಡದ್ದೇ ಅರ್ಧ ಕಾಯಿಲೆ ಆಗಿತ್ತು.

ನಾನು ಡಾಕ್ಟರ್ ಅಲ್ಲ. ಆಮೇಲೆ ಓದಿ, ಕೇಳಿ ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ, ಅಷ್ಟೆ. ಮೊದಲ ಸಲ ಬಂದಾಗ ಅಂದಾಜಿನ ಔಷಧಿ ನಡೆದೀತು. ಮೂರನೇ ಸಲಕ್ಕೆ ನಡೆಯಲ್ಲ. ಆಗ ಮಾತ್ರೆ ಬದಲಾಯಿಸುವುದಲ್ಲ, ಏನು ಕಾಯಿಲೆ ಅಂತ ಹೆಸರು ಗೊತ್ತುಮಾಡಿಕೊಳ್ಳಬೇಕು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಫಂಗಲ್ ಇನ್ಫೆಕ್ಷನ್ನೇ ಅಂತ ತಾವೇ ತೀರ್ಮಾನಿಸಿ ಅಂಗಡಿಯಿಂದ ಔಷಧಿ ಕೊಂಡ ಹೆಂಗಸರನ್ನು ಪರೀಕ್ಷೆ ಮಾಡಿದರೆ, ಬರೀ ಫಂಗಸ್ ಇದ್ದದ್ದು ಮೂರರಲ್ಲಿ ಒಬ್ಬರಿಗೆ ಮಾತ್ರ. ಉಳಿದವರಲ್ಲಿ ನನ್ನಂಥವರೂ ಇದ್ದರು.

ಬಿಳಿ ಹೋಗುವುದೆಲ್ಲ ಕಾಯಿಲೆಯಲ್ಲ

ಬಿಳಿ ಸೆರಗು, ಬಿಳಿ ಮುಟ್ಟು, ವೈಟ್ ಡಿಸ್ಚಾರ್ಜ್, ಏನೇ ಕರೆಯಿರಿ, ಅದು ಹೋಗುವುದು ಸಹಜ. ಎರಡು ಮುಟ್ಟುಗಳ ಮಧ್ಯದ ದಿನಗಳಲ್ಲಿ ಹಸಿ ಮೊಟ್ಟೆಯ ಲೋಳೆಯ ಹಾಗೆ ಎಳೆಎಳೆಯಾಗಿ ಬರುತ್ತದೆ, ಮುಟ್ಟು ಹತ್ತಿರವಾದಾಗ ಸ್ವಲ್ಪ ಮಂದವಾಗಿ, ಬಸುರಿಯಾದಾಗ ಇನ್ನೂ ಜಾಸ್ತಿ. ಒಣಗಿದ ಮೇಲೆ ಚಡ್ಡಿಯಲ್ಲಿ ತೆಳು ಹಳದಿ ಕಾಣುತ್ತದೆ. ಕಪ್ಪು ಚಡ್ಡಿಯಲ್ಲಿ ಆ ಜಾಗ ಮಾತ್ರ ಬಣ್ಣ ಬಿಟ್ಟು ಕೆಂಚಗಾಗುತ್ತದಲ್ವಾ, ಅದು ಬಟ್ಟೆಯ ದೋಷವೂ ಅಲ್ಲ, ನಿಮ್ಮ ದೋಷವೂ ಅಲ್ಲ. ಒಳಗಿನ ಹುಳಿಯ ಕೆಲಸ.

ಆ ಹುಳಿಯ ವಿಷಯ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ಯೋನಿಯೊಳಗೆ ಲ್ಯಾಕ್ಟೊಬ್ಯಾಸಿಲಸ್ ಅನ್ನುವ ಬ್ಯಾಕ್ಟೀರಿಯಾಗಳು ಇರುತ್ತವೆ, ಹಾಲಿಗೆ ಹೆಪ್ಪು ಹಾಕಿದಾಗ ಹುಳಿ ತರುತ್ತವಲ್ಲ, ಅವುಗಳ ದಾಯಾದಿಗಳು. ಅವು ಮಾಡುವ ಲ್ಯಾಕ್ಟಿಕ್ ಆಮ್ಲವೂ ಮೊಸರಿನ ಆಮ್ಲವೂ ಒಂದೇ. ಅದರಿಂದಾಗಿ ಒಳಗಿನ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) ಸುಮಾರು 3.8ರಿಂದ 4.5ರ ನಡುವೆ ನಿಂತಿರುತ್ತದೆ, ಅಷ್ಟು ಹುಳಿಯಲ್ಲಿ ಬೇರೆ ಕ್ರಿಮಿಗಳಿಗೆ ಬೆಳೆಯುವುದು ಕಷ್ಟ. ಈ ಬ್ಯಾಕ್ಟೀರಿಯಾಗಳಿಗೆ ಊಟ ಒದಗಿಸುವುದು ಈಸ್ಟ್ರೋಜನ್ ಹಾರ್ಮೋನ್, ಯೋನಿಯ ಗೋಡೆಯಲ್ಲಿ ಗ್ಲೈಕೋಜನ್ ಅನ್ನುವ ಪಿಷ್ಟದಂಥ ಪದಾರ್ಥ ತುಂಬಿಸಿ. ಆದ್ದರಿಂದ ಮುಟ್ಟು ನಿಂತವರಲ್ಲಿ, ಮಗುವಿಗೆ ಹಾಲೂಡಿಸುವವರಲ್ಲಿ ಲೆಕ್ಕವೇ ಬೇರೆ.

ಇನ್ನೊಂದು ಮಾತು. ಬಿಳಿ ಹೋದರೆ ಮೂಳೆ ಕರಗುತ್ತೆ, ಸೊಂಟ ಹಿಡಿಯುತ್ತೆ ಅಂತ ನಮ್ಮ ಮನೆಗಳಲ್ಲಿ ಹೇಳುತ್ತಾರೆ. ಮೂಳೆ ಕರಗಲ್ಲ. ಸುಸ್ತು ಇದ್ದರೆ ಹಿಮೋಗ್ಲೋಬಿನ್ ಮಾಡಿಸಿ, ನಮ್ಮಲ್ಲಿ ಎಷ್ಟೋ ಜನರ ಸುಸ್ತು ರಕ್ತ ಕಡಿಮೆ ಇರುವುದರಿಂದ ಬರುವಂಥದ್ದು.

ಹಾಗಾದರೆ ಯಾವಾಗ ಕಾಯಿಲೆ? ತುರಿಕೆ, ಉರಿ, ಊತ, ಕೆಟ್ಟ ವಾಸನೆ, ಹಸಿರು ಹಳದಿ ಬಣ್ಣ, ಮೂತ್ರ ತಾಗಿದರೆ ಚುರ್ ಅನ್ನುವುದು, ಗಂಡನ ಜೊತೆ ಸೇರುವಾಗ ನೋವು. ಇವುಗಳಲ್ಲಿ ಒಂದಿದ್ದರೂ ಅದು ಬರೀ ಬಿಳಿ ಅಲ್ಲ.

ಒಂದೇ ಉರಿ, ಕಾರಣ ಬೇರೆಬೇರೆ

ಫಂಗಸ್ ಮೊದಲು ಹೇಳುತ್ತೇನೆ, ಎಲ್ಲರೂ ಇದನ್ನೇ ಅಂದುಕೊಳ್ಳುವುದರಿಂದ. ಕ್ಯಾಂಡಿಡಾ ಅಂತ ಇದರ ಹೆಸರು. ಇದರಲ್ಲಿ ತುರಿಕೆಯೇ ಮುಖ್ಯ, ರಾತ್ರಿ ನಿದ್ದೆ ಮಾಡಲು ಬಿಡದಷ್ಟು. ಒಡೆದ ಹಾಲಿನ ಗಸಿಯ ಹಾಗೆ ಬಿಳಿ ಚೂರುಗಳು ಬರಬಹುದು, ಬರದೆಯೂ ಇರಬಹುದು. ವಾಸನೆ ಸಾಮಾನ್ಯವಾಗಿ ಇರಲ್ಲ. ಪಿಎಚ್ ಬದಲಾಗಲ್ಲ. ಆ್ಯಂಟಿಬಯಾಟಿಕ್ ತೆಗೆದುಕೊಂಡ ಮೇಲೆ, ಮುಟ್ಟಿಗೆ ಮುಂಚೆ, ಬಸುರಿನಲ್ಲಿ, ಸಕ್ಕರೆ ಹತೋಟಿಯಲ್ಲಿ ಇಲ್ಲದಾಗ ತಲೆ ಎತ್ತುತ್ತದೆ. ವರ್ಷದಲ್ಲಿ ಮೂರು ಅಥವಾ ಜಾಸ್ತಿ ಸಲ ಬಂದರೆ ಅದಕ್ಕೆ ಮರುಕಳಿಸುವ ಫಂಗಸ್ ಅಂತಲೇ ಬೇರೆ ಚಿಕಿತ್ಸೆ ಇದೆ.

ಎರಡನೆಯದು ಬ್ಯಾಕ್ಟೀರಿಯಲ್ ವಜೈನೋಸಿಸ್, ಡಾಕ್ಟರುಗಳು ಬಿವಿ ಅಂತಾರೆ. ಹೊರಗಿನಿಂದ ಬಂದ ಒಂದು ಕ್ರಿಮಿಯಲ್ಲ ಇದು, ಒಳಗಿನ ಊರೇ ತಲೆಕೆಳಗಾದ ಹಾಗೆ. ಲ್ಯಾಕ್ಟೊಬ್ಯಾಸಿಲಸ್ ಕಡಿಮೆಯಾಗಿ ಬೇರೆಯವು ಜಾಸ್ತಿಯಾಗುತ್ತವೆ. ಹುಳಿ ಇಳಿದು ಪಿಎಚ್ 4.5 ದಾಟುತ್ತದೆ. ತೆಳುವಾದ, ಬೂದು ಬಿಳುಪಿನ ನೀರು, ಮೀನಿನಂಥ ವಾಸನೆ. ಗಂಡನ ಜೊತೆ ಸೇರಿದ ಮೇಲೆ ಅಥವಾ ಮುಟ್ಟಿನಲ್ಲಿ ವಾಸನೆ ಎದ್ದು ಬರುತ್ತದೆ, ವೀರ್ಯ ಮತ್ತು ರಕ್ತ ಎರಡೂ ಹುಳಿಯನ್ನು ಕಡಿಮೆ ಮಾಡುವುದರಿಂದ. ತುರಿಕೆ ಅಷ್ಟಾಗಿ ಇರಲ್ಲ. ಇದಕ್ಕೆ ಫ್ಲುಕೊನಜೋಲ್ ನುಂಗಿದರೆ ಏನೂ ಉಪಯೋಗ ಆಗಲ್ಲ, ನಾನು ಒಂದೂವರೆ ವರ್ಷ ನುಂಗಿ ಸಾಬೀತು ಮಾಡಿದ್ದೇನೆ! ಹಾಗಾದರೆ ನಾಲ್ಕು ದಿನ ಆರಾಮ ಹೇಗಾಗುತ್ತಿತ್ತು ಅಂತ ಕೇಳಿದರೆ, ಕ್ರೀಮಿನಲ್ಲಿದ್ದ ಸ್ಟೆರಾಯ್ಡ್ ಉರಿಯನ್ನು ಮಲಗಿಸುತ್ತಿತ್ತು. ಅದರ ಕಥೆ ಕೆಳಗಿದೆ.

ಟ್ರೈಕೊಮೊನಾಸ್ ಅನ್ನುವುದು ಸೇರುವುದರಿಂದ ಹರಡುವ ಪರಾವಲಂಬಿ ಜೀವಿ. ಹಸಿರು ಹಳದಿ, ಕೆಲವೊಮ್ಮೆ ನೊರೆನೊರೆ. ದ್ರವವನ್ನು ಗಾಜಿನ ಸ್ಲೈಡಿಗೆ ಹಚ್ಚಿ ಮೈಕ್ರೋಸ್ಕೋಪಿನಲ್ಲಿ ನೋಡಿದರೂ ಎಷ್ಟೋ ಸಲ ತಪ್ಪಿಸಿಕೊಳ್ಳುತ್ತದೆ. ಅನುಮಾನ ಇದ್ದರೆ ಪಿಸಿಆರ್ ಪರೀಕ್ಷೆ ಇದೆಯಾ ಅಂತ ಕೇಳಿ.

ಮುಟ್ಟು ನಿಂತವರಿಗೆ ಉರಿ, ಒಣಗಿದ ಹಾಗೆ ಅನಿಸುವುದು, ಪದೇ ಪದೇ ಮೂತ್ರದ ಉರಿ, ಸೇರುವಾಗ ಕಿತ್ತ ಹಾಗೆ ನೋವು ಇದ್ದರೆ, ಈಸ್ಟ್ರೋಜನ್ ಇಳಿದು ಒಳಗಿನ ಪದರ ತೆಳುವಾಗಿರುವ ಸಾಧ್ಯತೆಯೇ ಜಾಸ್ತಿ. ಈ ವಯಸ್ಸಿನಲ್ಲಿ ಫಂಗಸ್ ಕಡಿಮೆ, ಸಕ್ಕರೆ ಕಾಯಿಲೆಯೋ ಹಾರ್ಮೋನ್ ಔಷಧಿಯೋ ಇಲ್ಲದಿದ್ದರೆ. ಆದರೂ ನಮ್ಮ ಅಮ್ಮಂದಿರು, ಅತ್ತೆಯಂದಿರು ಫಂಗಸ್ ಕ್ರೀಮ್ ಹಚ್ಚಿಕೊಂಡೇ ವರ್ಷಗಟ್ಟಲೆ ಕಳೆಯುತ್ತಾರೆ. ವಯಸ್ಸಾಯ್ತು, ಇನ್ನೇನು ಹೇಳೋದು ಅಂತ ಯಾರಿಗೂ ಹೇಳುವುದೂ ಇಲ್ಲ.

ಇನ್ನೊಂದು ಅಪರೂಪದ್ದು, ಆದರೆ ತಿಂಗಳುಗಟ್ಟಲೆ ಕಾಡುವಂಥದ್ದು: ಡಿಸ್ಕ್ವಮೇಟಿವ್ ಇನ್‌ಫ್ಲಮೇಟರಿ ವಜೈನೈಟಿಸ್. ಹೆಸರು ನೆನಪಿಡಬೇಕಿಲ್ಲ, ಡಿಐವಿ ಅಂದರೆ ಸಾಕು. ಹಳದಿ ಅಂಟಂಟು ದ್ರವ, ಉರಿ, ಸೇರುವಾಗ ನೋವು, ಒಳಗೆ ಕೆಂಪು ಚುಕ್ಕೆಗಳು. ಸ್ಲೈಡಿನಲ್ಲಿ ಕೀವಿನ ಕೋಶಗಳು ತುಂಬಿರುತ್ತವೆ, ಲ್ಯಾಕ್ಟೊಬ್ಯಾಸಿಲಸ್ ಕಾಣಲ್ಲ, ಲ್ಯಾಬಿನಲ್ಲಿ ಕ್ರಿಮಿ ಬೆಳೆಸಿ ನೋಡುವ ಕಲ್ಚರ್‌ನಲ್ಲಿ ಇದೇ ಕಾರಣ ಅನ್ನುವಂಥದ್ದೂ ಸಿಗಲ್ಲ. "ಎಲ್ಲಾ ನಾರ್ಮಲ್ ಇದೆಯಮ್ಮಾ" ಅಂತ ವಾಪಸ್ ಕಳಿಸುವುದು ಇಂಥವರನ್ನೇ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಮಾತ್ರ ಸಿಕ್ಕಿಬೀಳುತ್ತದೆ.

ಕೊನೆಯದು ಚರ್ಮದ್ದು. ಸೋಪು, ವಾಶ್, ಪರಿಮಳದ ಪ್ಯಾಡ್, ಡಿಟರ್ಜೆಂಟ್, ಕೂದಲು ತೆಗೆಯುವ ಕ್ರೀಮ್ ಇವುಗಳಿಂದ ಬರುವ ಅಲರ್ಜಿ. ಚರ್ಮ ಬೆಳ್ಳಗೆ, ಕಾಗದದ ಹಾಗೆ ತೆಳುವಾಗಿ, ಬಿರುಕು ಬಿಟ್ಟು ತುರಿಸುತ್ತಿದ್ದರೆ ಲೈಕೆನ್ ಸ್ಕ್ಲೀರೋಸಸ್ ಇರಬಹುದು. ಅದು ಚರ್ಮದ ಕಾಯಿಲೆ, ಇನ್ಫೆಕ್ಷನ್ ಅಲ್ಲ, ಬಿಟ್ಟರೆ ಮುಂದೆ ಅಪಾಯವೂ ಇದೆ. ಕನ್ನಡಿ ಹಿಡಿದು ಒಮ್ಮೆ ನೋಡಿಕೊಳ್ಳಿ. ನಮ್ಮ ಮೈ ನಾವು ನೋಡಿಕೊಳ್ಳುವುದಕ್ಕೆ ಯಾರ ಅಪ್ಪಣೆ ಬೇಕು?

ಡಾಕ್ಟರ್ ಹತ್ತಿರ ಹೋಗುವಾಗ

ಮುಟ್ಟಿನ ದಿನಗಳು ಬೇಡ. ಹೋಗುವ ಎರಡು ದಿನ ಮುಂಚಿನಿಂದ ಒಳಗೆ ಕ್ರೀಮ್, ಮಾತ್ರೆ ಏನೂ ಇಡಬೇಡಿ, ಸೇರಬೇಡಿ, ಒಳಗೆ ನೀರು ಹಾಕಿ ತೊಳೆಯಬೇಡಿ. ಡಾಕ್ಟರ್ ನೋಡ್ತಾರೆ ಅಂತ ಬೆಳಿಗ್ಗೆ ಸೋಪು ಹಾಕಿ ಉಜ್ಜಿಕೊಂಡು ಹೋಗುವ ಅಭ್ಯಾಸ ನಮಗೆಲ್ಲ ಇದೆ. ಅವತ್ತು ಅದು ಬೇಡ, ಅವರು ನೋಡಬೇಕಾದದ್ದೇ ತೊಳೆದು ಹೋಗಿರುತ್ತದೆ. ಈವರೆಗೆ ತೆಗೆದುಕೊಂಡ ಮಾತ್ರೆ, ಟ್ಯೂಬುಗಳ ಫೋಟೊ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಯಾವ ದಿನ ಶುರುವಾಯಿತು, ಮುಟ್ಟು ಯಾವಾಗ ಆಯಿತು, ಏನು ತೆಗೆದುಕೊಂಡಿರಿ, ಎಷ್ಟು ದಿನಕ್ಕೆ ಕಡಿಮೆ ಆಯಿತು, ಎಲ್ಲ ಒಂದು ಚೀಟಿಯಲ್ಲಿ. ಒಳಗೆ ಹೋದಾಗ ನಾಚಿಕೆಗೆ ಅರ್ಧ ಮರೆತುಹೋಗುತ್ತದೆ.

ಏನು ಕೇಳಬೇಕು ಅಂತ ಗೊತ್ತಿಲ್ಲದಿದ್ದರೆ ಹೀಗೇ ಹೇಳಿ: "ಮೇಡಂ, ಇದು ನಾಲ್ಕನೇ ಸಲ. ಈ ಸಲ ಪರೀಕ್ಷೆ ಮಾಡಿ ಆಮೇಲೆ ಔಷಧಿ ಕೊಡಿ. ಪಿಎಚ್ ನೋಡ್ತೀರಾ? ಸ್ವಾಬ್ ಕಳಿಸ್ತೀರಾ?" ಅಷ್ಟು ಸಾಕು. ಫಂಗಸ್ ಇದ್ದರೆ ಕಲ್ಚರ್‌ನಲ್ಲಿ ಯಾವ ಜಾತಿಯ ಕ್ಯಾಂಡಿಡಾ ಅಂತಲೂ ಬರಬೇಕು. ಆಲ್ಬಿಕಾನ್ಸ್ ಆದರೆ ಫ್ಲುಕೊನಜೋಲ್ ಹೆಚ್ಚಾಗಿ ಕೆಲಸ ಮಾಡುತ್ತದೆ, ಗ್ಲಾಬ್ರಾಟಾ ಆದರೆ ಎಷ್ಟೋ ಸಲ ಮಾಡಲ್ಲ. ಪ್ಯಾಪ್ ಸ್ಮಿಯರ್ ಮಾಡಿಸಿದ್ದೇನಲ್ಲ ಅನ್ನಬೇಡಿ, ಅದು ಗರ್ಭಕಂಠದ ಕ್ಯಾನ್ಸರ್ ಹುಡುಕುವುದಕ್ಕೆ, ಅದರ ರಿಪೋರ್ಟಿನಲ್ಲಿ "ಇನ್‌ಫ್ಲಮೇಟರಿ ಸ್ಮಿಯರ್" ಅಂತ ಬಂದರೆ ಯಾವ ಉರಿಯೂತ ಅಂತ ಗೊತ್ತಾಗಲ್ಲ.

ಮದುವೆ ಆಗದ ಹುಡುಗಿಯರಿಗೆ ಇದೆಲ್ಲ ಇನ್ನೂ ಕಷ್ಟ. "ಮದುವೆ ಆಗಿದ್ಯಾ?" ಅನ್ನುವುದು ನಮ್ಮಲ್ಲಿ ಸಂಬಂಧ ಇದೆಯಾ ಅಂತ ಕೇಳುವ ಸುತ್ತುಬಳಸಿನ ದಾರಿ. ಇದ್ದದ್ದು ಇದ್ದ ಹಾಗೆ ಹೇಳಿ, ಪರೀಕ್ಷೆ ಅದರ ಮೇಲೆ ನಿಂತಿರುತ್ತದೆ. ಅಮ್ಮ ಜೊತೆಗೆ ಬಂದಿದ್ದರೆ ಎರಡು ನಿಮಿಷ ಹೊರಗೆ ಕೂರಿಸಿ ಅಂತ ಡಾಕ್ಟರಿಗೇ ಹೇಳಬಹುದು. ಸಂಬಂಧ ಇಲ್ಲದಿದ್ದರೂ ಫಂಗಸ್ ಬರುತ್ತದೆ, ಚರ್ಮದ ಅಲರ್ಜಿ ಬರುತ್ತದೆ. ಒಳಗೆ ಅಗಲಿಸಿ ನೋಡುವ ಸಾಧನ, ಸ್ಪೆಕ್ಯುಲಮ್, ಹಾಕಲೇಬೇಕು ಅಂತಿಲ್ಲ, ತೆಳು ಹತ್ತಿಕಡ್ಡಿಯಿಂದ ಸ್ವಾಬ್ ತೆಗೆಯಬಹುದು, ನೀವೇ ತೆಗೆದು ಕೊಡುವುದಕ್ಕೂ ಆಗುತ್ತದೆ.

ದುಡ್ಡಿನ ತೊಂದರೆ ಇದ್ದರೆ ಜಿಲ್ಲಾ ಆಸ್ಪತ್ರೆಯಲ್ಲಿ ಇಂಥ ಸೋಂಕುಗಳನ್ನೇ ನೋಡುವ ಸುರಕ್ಷಾ ಕ್ಲಿನಿಕ್ ವಿಚಾರಿಸಿ. ಅಲ್ಲಿ ಔಷಧಿ ಉಚಿತ. ಬಿಳಿ ಸೆರಗಿನ ತೊಂದರೆಗೆ ಅಂತ ಹಸಿರು ಬಣ್ಣದ ಕಿಟ್ ಕೊಡುತ್ತಾರೆ, ಅದರಲ್ಲಿ ಸೆಕ್ನಿಡಜೋಲ್ 2 ಗ್ರಾಂ ಮತ್ತು ಫ್ಲುಕೊನಜೋಲ್ 150 ಮಿಲಿಗ್ರಾಂ ಇರುತ್ತದೆ. ಬಿವಿ, ಟ್ರೈಕೊಮೊನಾಸ್, ಫಂಗಸ್ ಮೂರಕ್ಕೂ ಒಂದೇ ಬಾಣ. ಲ್ಯಾಬ್ ಇಲ್ಲದ ಕಡೆ ಮೊದಲ ಸಲಕ್ಕೆ ಇದು ಒಳ್ಳೆಯ ಏರ್ಪಾಡು. ಆದರೆ ಅದೇ ಕಿಟ್ ಎರಡು ಸಲ ತೆಗೆದುಕೊಂಡ ಮೇಲೂ ವಾಪಸ್ ಬಂದರೆ ಮೂರನೇ ಕಿಟ್ ಕೇಳಬೇಡಿ, ಸ್ವಾಬ್ ಕೇಳಿ.

ಸಕ್ಕರೆ ಪರೀಕ್ಷೆ ಮಾಡಿಸದೆ ಬರಬೇಡಿ. ಬೆಳಗಿನ ಖಾಲಿ ಹೊಟ್ಟೆಯದ್ದು ಮತ್ತು ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ. ಮತ್ತೆ ಮತ್ತೆ ಬರುವ ಫಂಗಸ್ಸಿನಿಂದಲೇ ಸಕ್ಕರೆ ಕಾಯಿಲೆ ಪತ್ತೆಯಾಗುವವರು ಇದ್ದಾರೆ. ಇನ್ನು ಸಕ್ಕರೆ ಇರುವುದು ಗೊತ್ತಿದ್ದು ಮಾತ್ರೆ ತೆಗೆದುಕೊಳ್ಳುವವರು ಆ ಸ್ಟ್ರಿಪ್ ತಿರುಗಿಸಿ ನೋಡಿ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಕೊನೆಗೆ "ಗ್ಲಿಫ್ಲೋಜಿನ್" ಬರುವ ಹೆಸರಿದೆಯಾ? ಈ ಮಾತ್ರೆಗಳು ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಕಳಿಸುತ್ತವೆ, ಆ ಸಿಹಿ ಮೂತ್ರ ತಾಗುವ ಕಡೆ ಫಂಗಸ್ಸಿಗೆ ಹಬ್ಬ. ನಮ್ಮ ದೊಡ್ಡಮ್ಮನಿಗೆ ಹೀಗೇ ಆಯಿತು, ಏಳು ತಿಂಗಳು ತುರಿಕೆ, ಸಕ್ಕರೆ ಡಾಕ್ಟರಿಗೆ ತುರಿಕೆ ಹೇಳಲಿಲ್ಲ, ಹೆಂಗಸರ ಡಾಕ್ಟರಿಗೆ ಮಾತ್ರೆ ಹೇಳಲಿಲ್ಲ. ಹಾಗಂತ ನೀವಾಗಿಯೇ ನಿಲ್ಲಿಸಬೇಡಿ, ಹೃದಯಕ್ಕೆ, ಕಿಡ್ನಿಗೆ ಅವು ಒಳ್ಳೆಯ ಮಾತ್ರೆಗಳು. ಬರೆದುಕೊಟ್ಟವರಿಗೆ ವಿಷಯ ತಿಳಿಸಿ, ಅಷ್ಟೆ.

ಹೆಸರು ಗೊತ್ತಾದ ಮೇಲೆ ಔಷಧಿ

ಇದನ್ನು ನೋಡಿ ನೀವೇ ಮಾತ್ರೆ ತರಬೇಡಿ. ಡಾಕ್ಟರ್ ಬರೆದುಕೊಟ್ಟದ್ದು ಅರ್ಥವಾಗಲಿ ಅಂತ ಬರೆಯುತ್ತಿದ್ದೇನೆ.

ಮರುಕಳಿಸುವ ಫಂಗಸ್ಸಿಗೆ ಒಂದು ಮಾತ್ರೆ ಸಾಲುವುದಿಲ್ಲ. ಮೊದಲನೇ, ನಾಲ್ಕನೇ, ಏಳನೇ ದಿನ 150 ಮಿಲಿಗ್ರಾಂ ಫ್ಲುಕೊನಜೋಲ್, ಆಮೇಲೆ ವಾರಕ್ಕೊಂದರಂತೆ ಆರು ತಿಂಗಳು. ಹೌದು, ಆರು ತಿಂಗಳು. ಎರಡನೇ ತಿಂಗಳಿಗೇ ಎಲ್ಲ ಸರಿಹೋಯಿತು ಅನಿಸುತ್ತದೆ, ಅಲ್ಲೇ ಬಿಡುವವರು ಜಾಸ್ತಿ. ವಾರದ ಒಂದು ದಿನ ಗೊತ್ತುಮಾಡಿಕೊಳ್ಳಿ. ನನ್ನ ಗೆಳತಿಯೊಬ್ಬಳು ಶನಿವಾರ ಅಂತ ಇಟ್ಟುಕೊಂಡಿದ್ದಳು, ದೇವಸ್ಥಾನಕ್ಕೆ ಹೋಗಿ ಬಂದು ಮಾತ್ರೆ, ಮನೆಯ ಕ್ಯಾಲೆಂಡರಿನಲ್ಲಿ ಒಂದು ಚುಕ್ಕೆ. ಅತ್ತೆ ಅದನ್ನು ಶನಿಯ ವ್ರತ ಅಂದುಕೊಂಡಿದ್ದರಂತೆ. ಬಸುರಿಯಾಗಿದ್ದರೆ, ಆಗುವ ಯೋಚನೆ ಇದ್ದರೆ, ಲಿವರ್ ತೊಂದರೆ ಇದ್ದರೆ, ರಕ್ತ ತೆಳುವಾಗಿಸುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮೊದಲೇ ಹೇಳಬೇಕು. ಬಸುರಿನಲ್ಲಿ ನುಂಗುವ ಮಾತ್ರೆ ಕೊಡುವುದಿಲ್ಲ, ಏಳು ರಾತ್ರಿ ಒಳಗಿಡುವ ಕ್ಲೋಟ್ರಿಮಜೋಲ್ ಕೊಡುತ್ತಾರೆ.

ಗ್ಲಾಬ್ರಾಟಾ ಬಂದವರಿಗೆ ಬೋರಿಕ್ ಆ್ಯಸಿಡ್ 600 ಮಿಲಿಗ್ರಾಂ ಕ್ಯಾಪ್ಸೂಲ್ ಒಳಗಿಡಲು ಎರಡು ಮೂರು ವಾರ ಕೊಡುವುದುಂಟು. ಕೇರಂ ಬೋರ್ಡಿಗೆ ಉದುರಿಸುವ ಪುಡಿಯೂ ಬೋರಿಕ್ ಅಂತ ಅದನ್ನು ಬಳಸಲು ಹೋಗಬೇಡಿ. ಬಾಯಿಗೆ ಹೋದರೆ ಅದು ವಿಷ, ಮಕ್ಕಳ ಕೈಗೆ ಸಿಗದ ಹಾಗೆ ಇಡಿ, ಬಸುರಿನಲ್ಲಿ ಬೇಡವೇ ಬೇಡ.

ಬಿವಿಗೆ ಮೆಟ್ರೊನಿಡಜೋಲ್ 400, ದಿನಕ್ಕೆ ಎರಡು, ಏಳು ದಿನ. ನಾಣ್ಯ ನೆಕ್ಕಿದ ಹಾಗೆ ಬಾಯಿ ಕೆಡುತ್ತದೆ, ವಾಂತಿ ಬಂದ ಹಾಗಾಗುತ್ತದೆ, ಊಟದ ಮೇಲೆ ತೆಗೆದುಕೊಂಡರೆ ಸ್ವಲ್ಪ ವಾಸಿ. ಕಷ್ಟ ಇರುವುದು ಇದು ವಾಪಸ್ ಬರುವುದರಲ್ಲಿ, ವರ್ಷದೊಳಗೆ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಮರುಕಳಿಸುತ್ತದೆ. ಹಾಗಾದವರಿಗೆ ಮೆಟ್ರೊನಿಡಜೋಲ್ ಜೆಲ್ ವಾರಕ್ಕೆರಡು ಸಲ, ಕೆಲವು ತಿಂಗಳು.

ಇಲ್ಲಿ ಗಂಡಂದಿರ ವಿಷಯ. ಬಹಳ ವರ್ಷ ಬಿವಿಗೆ ಗಂಡಸರಿಗೆ ಔಷಧಿ ಬೇಕಿಲ್ಲ ಅಂತಲೇ ಹೇಳುತ್ತಿದ್ದರು. 2025ರ ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದ ಒಂದು ಅಧ್ಯಯನ ಬಂತು. ಒಬ್ಬನೇ ಸಂಗಾತಿ ಇರುವ ಹೆಂಗಸರಲ್ಲಿ, ಗಂಡಸಿಗೂ ಏಳು ದಿನ ಮೆಟ್ರೊನಿಡಜೋಲ್ ಮಾತ್ರೆ ಮತ್ತು ಹಚ್ಚಲು ಕ್ಲಿಂಡಾಮೈಸಿನ್ ಕ್ರೀಮ್ ಕೊಟ್ಟಾಗ 12 ವಾರದಲ್ಲಿ ಮರುಕಳಿಸಿದ್ದು ಶೇ. 35 ಜನಕ್ಕೆ, ಹೆಂಗಸಿಗೆ ಮಾತ್ರ ಕೊಟ್ಟಾಗ ಶೇ. 63 ಜನಕ್ಕೆ. ನಿಮ್ಮ ಡಾಕ್ಟರಿಗೆ ಈ ವಿಷಯ ಎತ್ತಿ ಕೇಳಿ, ತಪ್ಪೇನಿಲ್ಲ. ಟ್ರೈಕೊಮೊನಾಸ್‌ಗಂತೂ ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳಲೇಬೇಕು, ಮುಗಿಯುವವರೆಗೆ ಸೇರಬಾರದು. ಗಂಡಸರಿಗೆ ತೊಂದರೆಯೇ ಕಾಣಿಸದೆ ಇರಬಹುದು, "ನನಗೇನೂ ಆಗಿಲ್ಲ" ಅನ್ನುವುದು ಅದಕ್ಕೇ. ಜಗಳವಾಡುವ ಬದಲು ಮುಂದಿನ ಸಲ ಅವರನ್ನೇ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಲ್ಲಿ ಬಂದರೆ ಕೇಳುತ್ತಾರೆ. ಫಂಗಸ್ಸಿಗೆ ಮಾತ್ರ ಸಾಮಾನ್ಯವಾಗಿ ಗಂಡನಿಗೆ ಔಷಧಿ ಬೇಕಿಲ್ಲ, ಅವರಿಗೂ ತುರಿಕೆ, ಕೆಂಪು ಇದ್ದರೆ ಹೊರತು.

ಮುಟ್ಟು ನಿಂತವರ ಉರಿಗೆ ಒಳಗೆ ಹಚ್ಚುವ ಈಸ್ಟ್ರೋಜನ್ ಕ್ರೀಮ್ ಇದೆ, ಮೊದಲ ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. ಸ್ತನ ಕ್ಯಾನ್ಸರ್ ಆಗಿದ್ದವರು ಆ ಡಾಕ್ಟರನ್ನು ಕೇಳಿಯೇ ಶುರು ಮಾಡಬೇಕು. ಡಿಐವಿಗೆ ಕ್ಲಿಂಡಾಮೈಸಿನ್ ಕ್ರೀಮ್ ಅಥವಾ ಸ್ಟೆರಾಯ್ಡ್ ಒಳಗಿಡುತ್ತಾರೆ, ಒಂದು ವಾರದ್ದಲ್ಲ, ನಾಲ್ಕಾರು ವಾರದ್ದು. ಎಲ್ಲ ಪರೀಕ್ಷೆಯೂ ಸರಿಯಿದ್ದು, ಬರೀ ಮುಟ್ಟಿದರೂ ಉರಿಯುತ್ತಿದ್ದರೆ ಅದು ನರದ್ದೋ ಅಲ್ಲಿನ ಸ್ನಾಯುಗಳ ಬಿಗಿತದ್ದೋ ಇರಬಹುದು, ವಲ್ವೊಡಿನಿಯಾ ಅಂತಾರೆ. ಅದೂ ನಿಜವಾದ ನೋವೇ.

ಬಿಡಬೇಕಾದದ್ದು

ಈಗ ಆ ಟ್ಯೂಬ್ ಕ್ರೀಮ್. ಅಂಗಡಿಯಲ್ಲಿ ತುರಿಕೆಗೆ ಅಂತ ಕೇಳಿದರೆ ಕೊಡುವುದು ಎಷ್ಟೋ ಸಲ ಫಂಗಸ್, ಬ್ಯಾಕ್ಟೀರಿಯಾ ಎರಡರ ಔಷಧಿಯ ಜೊತೆ ಗಟ್ಟಿ ಸ್ಟೆರಾಯ್ಡ್ ಸೇರಿಸಿದ ಮಿಶ್ರಣ. ಟ್ಯೂಬಿನ ಮೇಲೆ ಕ್ಲೊಬೆಟಸೋಲ್, ಬೆಕ್ಲೊಮೆಥಸೋನ್ ಅಂತ ಇದೆಯಾ ಓದಿ. ಹಚ್ಚಿದ ದಿನವೇ ಹಾಯಾಗುತ್ತದೆ, ಆದರೆ ಫಂಗಸ್ ಇದ್ದರೆ ಅದರ ಅಡಿಯಲ್ಲಿ ಚೆನ್ನಾಗಿ ಬೆಳೆಯುತ್ತದೆ, ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಬಿಟ್ಟ ಮೇಲೆ ಕೆಲವು ದಿನ ಉರಿ ಇನ್ನೂ ಜಾಸ್ತಿಯಾಗುತ್ತದೆ, ನನಗೆ ಹತ್ತು ದಿನ ನರಕ ಕಂಡಿತು. ಆ ಹತ್ತು ದಿನ ಮತ್ತೆ ಅದೇ ಟ್ಯೂಬಿಗೆ ಕೈ ಹೋಗದಿದ್ದರೆ ಗೆದ್ದ ಹಾಗೆ. ತಣ್ಣೀರು ಬಟ್ಟೆ ಒತ್ತಿ, ಹೊರಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಹಚ್ಚಿ. ಲೈಕೆನ್‌ಗೆ ಡಾಕ್ಟರೇ ಕ್ಲೊಬೆಟಸೋಲ್ ಬರೆಯುತ್ತಾರೆ, ಅದು ಬೇರೆ, ಅಳತೆ ಹೇಳಿ ಕೊಡುವುದು.

ವಾಶ್ ಬೇಡ. "ಪಿಎಚ್ ಬ್ಯಾಲೆನ್ಸ್ಡ್" ಅಂತ ಬರೆದಿದ್ದರೂ ಬೇಡ. ಒಳಗೆ ತನ್ನನ್ನು ತಾನೇ ತೊಳೆದುಕೊಳ್ಳುವ ಏರ್ಪಾಡು ಇದೆ, ಹೊರಗೆ ಬರೀ ನೀರು ಸಾಕು. ಸ್ನಾನದ ನೀರಿಗೆ ಡೆಟಾಲ್ ಹಾಕಿಕೊಳ್ಳುವುದು, ಬೇವಿನ ಎಲೆ ಕುದಿಸಿದ ನೀರನ್ನು ಒಳಗೆ ಹಾಯಿಸುವುದು, ಅರಿಶಿನ, ನಿಂಬೆ, ಬೆಳ್ಳುಳ್ಳಿ, ಮೊಸರು ಒಳಗಿಡುವುದು, ಇದ್ಯಾವುದೂ ಬೇಡ. ಮೊಸರಿನಲ್ಲಿ ಅದೇ ಬ್ಯಾಕ್ಟೀರಿಯಾ ಅಂದಿರಲ್ಲ ಅಂದರೆ, ದಾಯಾದಿಗಳು ಅಂದೆ, ಒಂದೇ ಮನೆಯವರಲ್ಲ. ಮೊಸರಿನವು ಅಲ್ಲಿ ನೆಲೆ ನಿಲ್ಲಲ್ಲ. ಉಷ್ಣ ಅಂತ ಹೇಳಿ ಎಳನೀರು, ಬೂದುಗುಂಬಳದ ರಸ, ಮೆಂತ್ಯ ನೆನೆಸಿದ ನೀರು ಕೊಡುತ್ತಾರಲ್ಲ ಅಜ್ಜಿಯಂದಿರು, ಕುಡಿಯಿರಿ, ಕುಡಿದರೆ ನಷ್ಟವಿಲ್ಲ. ಸ್ವಾಬ್ ತಪ್ಪಿಸಬೇಡಿ ಅಷ್ಟೆ.

ಬಟ್ಟೆ ಒಣಗಿಸುವುದು ಸಣ್ಣ ವಿಷಯ ಅನಿಸಬಹುದು. ನಾನು ಮಲೆನಾಡಿನವಳು. ಮಳೆಗಾಲದಲ್ಲಿ ಮೂರು ದಿನವಾದರೂ ಬಟ್ಟೆ ಒಣಗಲ್ಲ, ಅದರಲ್ಲೂ ಚಡ್ಡಿಯನ್ನು ಯಾರಿಗೂ ಕಾಣಬಾರದು ಅಂತ ಸೀರೆಯ ಅಡಿಯಲ್ಲೋ ಬಚ್ಚಲಿನ ಮೂಲೆಯಲ್ಲೋ ಹಾಕುತ್ತೇವೆ, ಬೆಳಿಗ್ಗೆ ಅರ್ಧ ಹಸಿ ಇದ್ದದ್ದನ್ನೇ ಹಾಕಿಕೊಳ್ಳುತ್ತೇವೆ. ಬಿಸಿಲಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆ ಒಮ್ಮೆ ಆಡಿಸಿ. ಹತ್ತಿಯದ್ದೇ ಇರಲಿ, ರಾತ್ರಿ ಇಲ್ಲದೆಯೇ ಮಲಗಬಹುದು. ಒಗೆದ ಮೇಲೆ ಡಿಟರ್ಜೆಂಟ್ ಪೂರ್ತಿ ಹೋಗುವ ಹಾಗೆ ಇನ್ನೊಂದು ನೀರು ಜಾಸ್ತಿ ಜಾಲಿಸಿ. ದಿನಾ ಪ್ಯಾಂಟಿ ಲೈನರ್ ಹಾಕುವುದು ಬಿಡಿ. ಮಂಗಳೂರು, ಕಾರವಾರದ ಕಡೆ ಇಡೀ ದಿನ ಬಿಗಿ ಜೀನ್ಸ್ ಹಾಕಿಕೊಂಡು ಬೆವರುವವರಿಗೆ ಪಟಿಯಾಲ ಪ್ಯಾಂಟ್ ಎಷ್ಟೋ ವಾಸಿ. ಕಾಂಡೋಮ್ ಬಳಸುವವರು ಗಮನಿಸಿ, ಒಳಗಿಡುವ ಕ್ಲೋಟ್ರಿಮಜೋಲ್, ಕ್ಲಿಂಡಾಮೈಸಿನ್ ಕ್ರೀಮುಗಳೂ ಕೊಬ್ಬರಿ ಎಣ್ಣೆಯೂ ರಬ್ಬರನ್ನು ದುರ್ಬಲ ಮಾಡುತ್ತವೆ.

ಮತ್ತೆ, ಬಿಳಿ ಸೆರಗಿಗೆ ಗರ್ಭಕೋಶ ತೆಗೆಸಿ ಅಂತ ಯಾರಾದರೂ ಹೇಳಿದರೆ ಎದ್ದು ಬನ್ನಿ. ಕಲಬುರಗಿ ಜಿಲ್ಲೆಯ ಹಳ್ಳಿ, ತಾಂಡಾಗಳ ಹೆಣ್ಣುಮಕ್ಕಳು ಇಂಥ ಸಣ್ಣ ತೊಂದರೆಗೆ ಅಂತ ಹೋಗಿ ಗರ್ಭಕೋಶವನ್ನೇ ಕಳೆದುಕೊಂಡು ಬಂದದ್ದು 2015ರ ಸುಮಾರಿಗೆ ದೊಡ್ಡ ಸುದ್ದಿಯಾಗಿತ್ತು, ತನಿಖೆಯೂ ನಡೆಯಿತು. ಬೇಡದ ಇಂಥ ಆಪರೇಷನ್ ತಡೆಯುವ ನಿಯಮಗಳನ್ನು ಎಲ್ಲ ರಾಜ್ಯಗಳೂ ಜಾರಿಗೆ ತರಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಉರಿ ಇರುವುದು ಯೋನಿಯಲ್ಲಿ, ತೆಗೆಯುವುದು ಗರ್ಭಕೋಶ, ಜೊತೆಗೆ ಅಂಡಾಶಯವನ್ನೂ ತೆಗೆದರೆ ಈಸ್ಟ್ರೋಜನ್ ಹೋಗಿ ಉರಿ ಇನ್ನೂ ಜಾಸ್ತಿ.

ಕಾಯದೆ ಹೋಗಬೇಕಾದ ಸಂದರ್ಭಗಳೂ ಇವೆ: ಜ್ವರ ಮತ್ತು ಕೆಳಹೊಟ್ಟೆ ನೋವು, ಸೇರಿದ ಮೇಲೆ ರಕ್ತ, ಮುಟ್ಟು ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ಸರಿ, ಹುಣ್ಣು, ಗುಳ್ಳೆ, ಬಸುರಿನಲ್ಲಿ ನೀರು ಹೋದ ಹಾಗೆ ಅಥವಾ ವಾಸನೆಯ ಸೆರಗು. ಇವಕ್ಕೆ ಅಪಾಯಿಂಟ್‌ಮೆಂಟ್ ಮುಂದಿನ ವಾರಕ್ಕೆ ಹಾಕಬೇಡಿ.

ಆರು ತಿಂಗಳ ಮಾತ್ರೆ ಮುಗಿಸಿದ ಮೇಲೂ ಫಂಗಸ್ ಕೆಲವರಿಗೆ ವಾಪಸ್ ಬರುತ್ತದೆ, ಕಮ್ಮಿಯೆಂದರೂ ಮೂವರಲ್ಲಿ ಒಬ್ಬರಿಗೆ. ಅದು ನಿಮ್ಮ ಕೊಳಕಿನಿಂದಲ್ಲ, ನೀವು ಪಥ್ಯ ಮುರಿದದ್ದರಿಂದಲೂ ಅಲ್ಲ. ಬಂದ ದಿನವೇ ಮನೆಯಲ್ಲಿ ಉಳಿದ ಮಾತ್ರೆ ನುಂಗಬೇಡಿ, ಒಮ್ಮೆ ನುಂಗಿದರೆ ಆಮೇಲೆ ಲ್ಯಾಬಿನಲ್ಲಿ ಏನೂ ಸಿಗದೆ ಹೋಗಬಹುದು. ತುರಿಕೆ ಇರುವಾಗಲೇ ಹೋಗಿ ಸ್ವಾಬ್ ಕೊಡಿ, ಹಳೆಯ ರಿಪೋರ್ಟನ್ನು ಜೊತೆಗೆ ತೆಗೆದುಕೊಂಡು ಹೋಗಿ. ಮಾತ್ರೆ ಸಂಜೆಗೆ ಬೇಕಾದರೆ ತೆಗೆದುಕೊಳ್ಳಬಹುದು.